16 ಜಿಬಿ ರ‍್ಯಾಮ್‌ಗೆ ನಾಲ್ಕು ಟನ್ ಕಬ್ಬು: ರಾಮದುರ್ಗದಲ್ಲೊಂದು ಗೇಮಿಂಗ್ ಪಿಸಿ ಕಟ್ಟಿದ ಲೆಕ್ಕ

ಕಳೆದ ಸೆಪ್ಟೆಂಬರ್ ಕೊನೆಯ ವಾರ ರಾಮದುರ್ಗದಿಂದ ನನ್ನ ಕಾಕಾನ ಮಗ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ. ರೈಜೆನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, 650 ವ್ಯಾಟ್ ಪವರ್ ಸಪ್ಲೈ, ಕ್ಯಾಬಿನೆಟ್. ಎಲ್ಲಾ ಸೇರಿ 80 ಸಾವಿರದ ಆಸುಪಾಸು. ಕೆಳಗೆ ಒಂದು ಸಾಲು: "ಅಣ್ಣಾ, ಇದರಾಗ ಏನರ ತಪ್ಪೈತೇನು ನೋಡು."

ತಪ್ಪೇನೂ ಇರಲಿಲ್ಲ. ಹುಡುಗ ಬಿಸಿಎ ಎರಡನೇ ವರ್ಷ. ಆಟ ಆಡ್ತಾನೆ, ಬ್ಲೆಂಡರ್‌ನಲ್ಲಿ ತ್ರೀಡಿ ಕಲೀತಾನೆ. ಯೂಟ್ಯೂಬ್ ನೋಡಿ ನೋಡಿ ನನಗಿಂತ ಚೆನ್ನಾಗಿ ತಿಳಕೊಂಡಿದ್ದ. ಬೈಲಹೊಂಗಲದಲ್ಲಿ ಕೂತು ನಾನು ನಾಲ್ಕೈದು ಜನರಿಗೆ ಪಿಸಿ ಜೋಡಿಸಿ ಕೊಟ್ಟಿದ್ದೇನೆ ಅನ್ನೋ ಒಂದೇ ಕಾರಣಕ್ಕೆ ಅವನು ನನ್ನನ್ನು ಕೇಳಿದ್ದು. "ಪಟ್ಟಿ ಸರಿ ಐತಿ, ತರಿಸು" ಅಂದೆ. ಕಾಕಾ ಮಾತ್ರ, "ಕಬ್ಬಿನ ಬಿಲ್ ಬರಲಿ, ಆಮೇಲೆ ನೋಡೂಣು" ಅಂದರು. ಒಕ್ಕಲುತನದ ಮನೆಯಲ್ಲಿ ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ.

ಆದರೆ ಆ ಮೂರು ತಿಂಗಳಲ್ಲಿ ಏನೇನಾಯ್ತು ನೋಡಿ. ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೇಳಿ ಕೂತರು. ಬೆಳಗಾವಿ ಜಿಲ್ಲೆಯ ಊರೂರಲ್ಲಿ ರಸ್ತೆ ಬಂದ್ ಆಯ್ತು. ನವೆಂಬರ್ 7ಕ್ಕೆ ಸರ್ಕಾರ 3,300ಕ್ಕೆ ಒಪ್ಪಂದ ಮಾಡಿಸಿತು. 3,200ರ ಮೇಲೆ ಕಾರ್ಖಾನೆಯವರ 50, ಸರ್ಕಾರದ 50. ಒಂದು ಜಿಲ್ಲೆಗೆ ಜಿಲ್ಲೆಯೇ ಬೀದಿಗಿಳಿದು ಗಳಿಸಿದ್ದು ಟನ್‌ಗೆ ನೂರು ರೂಪಾಯಿ. ಕಾಕಾನ ಕೈಗೆ ದುಡ್ಡು ಬಂದಾಗ ಡಿಸೆಂಬರ್ ನಡುವಾಗಿತ್ತು. ಸೆಪ್ಟೆಂಬರ್‌ನಲ್ಲಿ ನಾಲ್ಕು ಸಾವಿರ ಚಿಲ್ಲರೆಗೆ ಸಿಗ್ತಿದ್ದ 16 ಜಿಬಿಯ ಒಂದು ಡಿಡಿಆರ್5 ರ‍್ಯಾಮ್‌ಗೆ ಆಗ ನಮಗೆ ಹೇಳಿದ ರೇಟು 13 ಸಾವಿರ. ಒಂದೂಕಾಲು ಟನ್ ಕಬ್ಬಿನ ವಸ್ತು ನಾಲ್ಕು ಟನ್ ಕಬ್ಬಿನದ್ದಾಗಿತ್ತು. ಅದಕ್ಕಾಗಿ ಯಾರೂ ಯಾವ ಕ್ರಾಸ್‌ನಲ್ಲೂ ಕೂತಿರಲಿಲ್ಲ.

ಈ ರ‍್ಯಾಮ್ ತಿಂದೋರು ಯಾರು?

ಅಕ್ಟೋಬರ್ 1ರಂದು ಓಪನ್‌ಎಐ ತನ್ನ ಸ್ಟಾರ್‌ಗೇಟ್ ಡೇಟಾ ಸೆಂಟರ್ ಯೋಜನೆಗೆ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಕೈಜೋಡಿಸಿತು. ಮಾತಾಡಿದ ಪ್ರಮಾಣ ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ. ಜಗತ್ತಿನ ಡಿರ‍್ಯಾಮ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ತಯಾರಿಸೋದು ಮೂರೇ ಕಂಪನಿ: ಈ ಎರಡು, ಮತ್ತೆ ಅಮೆರಿಕದ ಮೈಕ್ರಾನ್. ಎಐ ಚಿಪ್‌ಗಳ ಪಕ್ಕದಲ್ಲಿ ಕೂರೋ ಎಚ್‌ಬಿಎಂ ಅನ್ನೋ ಮೆಮೊರಿಗೆ, ಅಷ್ಟೇ ಜಿಬಿಯ ಮಾಮೂಲಿ ಡಿಡಿಆರ್5ಗೆ ಬೇಕಾದದ್ದರ ಸುಮಾರು ಮೂರು ಪಟ್ಟು ವೇಫರ್ ಬೇಕು. ಅಂದ್ರೆ ಅಲ್ಲಿ ಒಂದು ಹೆಚ್ಚಾದರೆ ಇಲ್ಲಿ ಮೂರು ಕಡಿಮೆ. ಲಾಭ ಅಲ್ಲೇ ಹೆಚ್ಚು, ಹಾಗಾಗಿ ಎಲ್ಲರೂ ಅತ್ತ ಓಡಿದರು. ಡಿಸೆಂಬರ್ 3ರಂದು ಮೈಕ್ರಾನ್, ನಮ್ಮಂಥವರು ಬಿಡಿಯಾಗಿ ಕೊಳ್ಳುತ್ತಿದ್ದ 'ಕ್ರೂಷಿಯಲ್' ಬ್ರ್ಯಾಂಡನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಅದೇ ವಾರ ಡಾಲರ್‌ಗೆ ರೂಪಾಯಿ 90 ದಾಟಿತು. ಸಿಂದಗಿ ಬಾವಿಗೆ ಬಿದ್ದವನ ಮೇಲೆ ಕಲ್ಲು ಬಿದ್ದಂಗೆ ಅಂತ ಕಾಕಾ ಅನ್ನೋ ರೀತಿ.

ಮೈಕ್ರಾನ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಗುಜರಾತಿನ ಸಾಣಂದದಲ್ಲಿ ಇದೇ ಕಂಪನಿಯ ಚಿಪ್ ಜೋಡಣೆ ಮತ್ತು ಪರೀಕ್ಷಾ ಘಟಕಕ್ಕೆ 2023ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಒಟ್ಟು 275 ಕೋಟಿ ಡಾಲರ್ ಯೋಜನೆ. ಅದರಲ್ಲಿ ಶೇ. 50 ಕೇಂದ್ರ ಸರ್ಕಾರದ್ದು, ಶೇ. 20 ಗುಜರಾತ್ ಸರ್ಕಾರದ್ದು, ಕಂಪನಿ ಹಾಕೋದು ಹೆಚ್ಚೆಂದರೆ 82.5 ಕೋಟಿ ಡಾಲರ್. ಚಿಪ್ ಉದ್ಯಮ ದೇಶಕ್ಕೆ ಬರಲಿ, ನನ್ನ ತಕರಾರಿಲ್ಲ. ಆದರೆ ನೂರಕ್ಕೆ ಎಪ್ಪತ್ತು ರೂಪಾಯಿ ಸಾರ್ವಜನಿಕ ಹಣ ಕೊಡುವಾಗ, ಆ ಮೆಮೊರಿಯಲ್ಲಿ ಒಂದು ಪಾಲು ಈ ದೇಶದ ವಿದ್ಯಾರ್ಥಿಗೆ ಸಿಗಲಿ ಅಂತ ಯಾರಾದರೂ ಕೇಳಿದರಾ? ಈ ಮೂರು ಕಂಪನಿಗಳ ಇತಿಹಾಸವೂ ಅಷ್ಟು ಸಾಚಾ ಅಲ್ಲ. ಡಿರ‍್ಯಾಮ್ ಬೆಲೆಯನ್ನು ಒಳಗೊಳಗೇ ಮಾತಾಡಿಕೊಂಡು ನಿಗದಿ ಮಾಡಿದ್ದಕ್ಕೆ 2005ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್ ದಂಡ ಕಟ್ಟಿದ್ದವು. ಮೈಕ್ರಾನ್ ತನಿಖೆಗೆ ಸಹಕರಿಸಿ ಪಾರಾಯ್ತು.

ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಇದೇ ದಾರಿ. 2022ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾಗೆ ಗೇಮಿಂಗ್‌ನಿಂದ ಬಂದದ್ದು ಸುಮಾರು 1,250 ಕೋಟಿ ಡಾಲರ್, ಡೇಟಾ ಸೆಂಟರ್‌ನಿಂದ 1,060 ಕೋಟಿ. ಮೂರೇ ವರ್ಷದಲ್ಲಿ ಡೇಟಾ ಸೆಂಟರ್ 11,500 ಕೋಟಿ ದಾಟಿತು, ಗೇಮಿಂಗ್ 1,135 ಕೋಟಿಯಲ್ಲೇ ನಿಂತಿತು. ಆ ಕಂಪನಿಯನ್ನು ಬೆಳೆಸಿದ್ದು ಗೇಮ್ ಆಡೋ ಹುಡುಗರು. ಈಗ ಅದರ ಅಂಗಡಿಯಲ್ಲಿ ಅವರಿಗೆ ಮೂಲೆಯ ಜಾಗ.

ಇನ್ನು ನಮ್ಮದೇ ತೆರಿಗೆ. ಪ್ರೊಸೆಸರ್, ರ‍್ಯಾಮ್‌ಗಳ ಮೇಲೆ ಮೂಲ ಕಸ್ಟಮ್ಸ್ ಸುಂಕ ಸೊನ್ನೆ. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಫಲ ಅದು. ಉಳಿದದ್ದು ಜಿಎಸ್‌ಟಿ, ಶೇ. 18. ಕಳೆದ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳನ್ನು ಬದಲಿಸಿದಾಗ ಟ್ರ್ಯಾಕ್ಟರ್ 12ರಿಂದ 5ಕ್ಕೆ ಇಳಿಯಿತು, ಸಣ್ಣ ಕಾರು ಮತ್ತು ಎಸಿ 28ರಿಂದ 18ಕ್ಕೆ ಬಂತು, ನೋಟ್‌ಬುಕ್ಕು ಪೆನ್ಸಿಲ್ಲಿಗೆ ತೆರಿಗೆಯೇ ಇಲ್ಲ ಅಂತಾಯ್ತು. ಕಂಪ್ಯೂಟರ್ ಮಾತ್ರ 18ರಲ್ಲೇ ಉಳೀತು. ತಮ್ಮನ 80 ಸಾವಿರದ ಪಟ್ಟಿಯಲ್ಲಿ ಸುಮಾರು 12,200 ರೂಪಾಯಿ ತೆರಿಗೆಯೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4. ಆ ದೇಶದಲ್ಲಿ ಕಾಪಿ ಪುಸ್ತಕ ಕಲಿಕೆ, ಕಂಪ್ಯೂಟರ್ ಶೋಕಿ.

ತೆರಿಗೆ ತಪ್ಪಿಸೋ ದಾರಿ ಅಂಗಡಿಯವರೇ ತೋರಿಸ್ತಾರೆ. ದೊಡ್ಡ ಊರಿನ ಒಂದು ಅಂಗಡಿಯಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ಬಿಲ್ ಬೇಕೋ ಬ್ಯಾಡೋ?" ಎರಡು ವರ್ಷದ ಹಿಂದೆ ಬೇಡ ಅಂದು ಗ್ರಾಫಿಕ್ಸ್ ಕಾರ್ಡ್ ತಂದಿದ್ದೆ. ಎಂಟನೇ ತಿಂಗಳಿಗೆ ಅದು ಕಣ್ಣು ಮುಚ್ಚಿತು, ಮೂರು ವರ್ಷದ ವಾರಂಟಿ ಡಬ್ಬಿಯ ಮೇಲಷ್ಟೇ ಉಳೀತು. ಬಿಲ್ ಇದ್ದರೆ ಇನ್ನೊಂದು ದಾರಿಯೂ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನು ದೆಹಲಿಯಲ್ಲಿದ್ದರೂ ಸರಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ಗೆಳೆಯರೇ, ಬಿಲ್ ತಗೊಳ್ಳಿ.

ಎಲ್ಲಕ್ಕಿಂತ ದೊಡ್ಡ ಅಡ್ಡಿ 'ಗೇಮಿಂಗ್' ಅನ್ನೋ ಪದದ್ದೇ ಆಯ್ತು. ಪಟ್ಟಿ ಹಿಡಿದು ರಾಮದುರ್ಗಕ್ಕೆ ಹೋದಾಗ ಕಾಕಾ ನನ್ನನ್ನೇ ವಿಚಾರಣೆಗೆ ಕೂಡಿಸಿದರು.

"ಗೇಮಿಂಗ್ ಅಂದ್ರ ರಮ್ಮಿ ಅಲ್ಲೇನೋ? ಸರ್ಕಾರ ಅದನ್ನ ಬಂದ್ ಮಾಡೇತಿ ಅಂತ ಟಿವ್ಯಾಗ ಬಂದಿತ್ತಲ್ಲ?"

"ಕಾಕಾ, ಅದು ರೊಕ್ಕ ಹಚ್ಚಿ ಆಡೂದು. ಇದು ಹಂಗಲ್ಲ."

"ರೊಕ್ಕ ಹಚ್ಚದ 80 ಸಾವಿರ ಯಾಕ ಬೇಕಪಾ ಮತ್ತ?"

ನಗು ಬಂತು, ಆದರೆ ಅವರ ಭಯ ಸುಳ್ಳಲ್ಲ. ಐಪಿಎಲ್ ನಡುವೆ ಕ್ರಿಕೆಟಿಗರೇ ಬಂದು ಕರೆದ ಆ್ಯಪ್‌ಗಳಲ್ಲಿ ನಮ್ಮ ಓಣಿಯ ಹುಡುಗರೂ ದುಡ್ಡು ಕಳಕೊಂಡಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ನಿಷೇಧಿಸಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕಳೆದ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಹಣ ಕಟ್ಟಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಕಾಯ್ದೆಯಲ್ಲಿ ಎರಡೂ ಬೇರೆ ಬೇರೆ, ಸರಿಯೇ. ಆದರೆ ಹೆಸರಿನಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ, ಪಗಡಿಗೂ ಪಬ್ಜಿಗೂ ಬ್ಲೆಂಡರಿಗೂ ವ್ಯತ್ಯಾಸ ವಿವರಿಸೋ ಕೆಲಸ ನನ್ನ ತಲೆಗೆ ಬಂತು.

ಕೊನೆಗೆ ಕಾಕಾನನ್ನು ಒಪ್ಪಿಸಿದ್ದು ಸವದತ್ತಿಯ ನನ್ನ ಗೆಳೆಯ. ಅವನದು ಫೋಟೊ ಸ್ಟುಡಿಯೊ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಜಾತ್ರೆ, ಮದುವೆ ಸೀಸನ್ನು, ಎಲ್ಲದರ ವಿಡಿಯೊ ಎಡಿಟ್ ಆಗೋದು 'ಗೇಮಿಂಗ್' ಕಾರ್ಡ್ ಇರೋ ಪಿಸಿಯಲ್ಲೇ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕಾಕಾ, ನನ್ನ ಅನ್ನ ಇದರಾಗ ಐತ್ರಿ." ರಾಜ್ಯ ಸರ್ಕಾರವೂ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿಯಲ್ಲಿ ಅನಿಮೇಷನ್, ಗೇಮಿಂಗ್ ಉದ್ಯೋಗದ ಮಾತಾಡುತ್ತೆ. ಆ ಉದ್ಯೋಗಕ್ಕೆ ಬೇಕಾದ ಯಂತ್ರ ರಾಮದುರ್ಗಕ್ಕೆ ಹೇಗೆ ಬರಬೇಕು ಅನ್ನೋದು ಬೇರೆ ಇಲಾಖೆಯ ಫೈಲಿರಬೇಕು. ನವೆಂಬರ್‌ನಲ್ಲಿ ಕಿಯೋನಿಕ್ಸ್ ಪ್ರದರ್ಶಿಸಿದ 18,999 ರೂಪಾಯಿಯ 'ಕಿಯೋ' ಕಂಪ್ಯೂಟರ್ ಒಳ್ಳೆ ಹೆಜ್ಜೆ, ಶಾಲೆಗೆ ಬೇಕೇ ಬೇಕು. ಆದರೆ ಅದು ರಿಸ್ಕ್-ಫೈವ್ ಪ್ರೊಸೆಸರಿನದು. ತಮ್ಮ ಕಲಿಯೋ ಕೆಲಸಕ್ಕೆ ಅದು ಆಗಲ್ಲ.

ಹಾಗಾಗಿ ಡಿಸೆಂಬರ್ ಕೊನೆಗೆ ಪಟ್ಟಿ ಹರಿದು ಹೊಸದು ಬರೆದೆವು. ಡಿಡಿಆರ್5 ಕೈಬಿಟ್ಟೆವು. ಹಳೇ ಡಿಡಿಆರ್4ಗೆ ಹೋದರೆ ಅಗ್ಗ ಅಂದುಕೊಂಡರೆ ಅದೂ ಏರಿತ್ತು, ಯಾಕಂದ್ರೆ ದೊಡ್ಡ ಕಂಪನಿಗಳು ಅದರ ತಯಾರಿಕೆಯನ್ನೇ ಇಳಿಸುತ್ತಿದ್ದವು. ದಾರಿ ಸಿಕ್ಕಿದ್ದು ಬೇರೆ ಕಡೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು, ವಿಂಡೋಸ್ 11 ಒಪ್ಪದ ಆರು-ಏಳನೇ ಜನರೇಷನ್ನಿನ ಆಫೀಸ್ ಕಂಪ್ಯೂಟರುಗಳು ರಾಶಿರಾಶಿ ಹೊರಬಿದ್ದವು. ಹುಬ್ಬಳ್ಳಿಯಲ್ಲಿ ಅಂಥ ಒಂದರಿಂದ ಬಿಚ್ಚಿದ 8 ಜಿಬಿಯ ಎರಡು ರ‍್ಯಾಮ್ ತಂದೆವು. ನೀವೂ ಹುಡುಕೋದಾದರೆ ನೋಡಿಕೊಳ್ಳಿ: ಆ ಕಾಲದ ಕೆಲವದರಲ್ಲಿ ಡಿಡಿಆರ್3 ಇರುತ್ತೆ, ಅಂಗೈಯಗಲದ ಪುಟ್ಟ ಡಬ್ಬಿಗಳಲ್ಲಿ ಲ್ಯಾಪ್‌ಟಾಪಿನ ರ‍್ಯಾಮ್ ಇರುತ್ತೆ, ಎರಡೂ ಕೂರಲ್ಲ. ಒಂದೇ 16ರ ಬದಲು 8ರ ಎರಡು ಹಾಕಿದರೆ ಎರಡು ಚಾನೆಲ್‌ನಲ್ಲಿ ಕೆಲಸ ಮಾಡಿ ವೇಗ ಹೆಚ್ಚುತ್ತೆ. ಪ್ರೊಸೆಸರ್ ರೈಜೆನ್ 5 5600, ಬೋರ್ಡು ಬಿ450.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ತಮ್ಮ ಸಿಟ್ಟಾದ. 5060 ಬಿಟ್ಟು 6 ಜಿಬಿಯ ಆರ್‌ಟಿಎಕ್ಸ್ 3050 ತಗೋ ಅಂದೆ. ಅದು ಉಣ್ಣೋದು 70 ವ್ಯಾಟ್, 5060 ಆದರೆ 145. ಇಲ್ಲಿ ಬರುತ್ತೆ ಗೃಹಜ್ಯೋತಿ. 200 ಯೂನಿಟ್ ಉಚಿತ ಅಂತ ಎಲ್ಲರೂ ಹೇಳ್ತಾರೆ, ನಿಜವಾಗಿ ಸಿಗೋದು 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹತ್ತಿರಹತ್ತಿರ ಆರು ರೂಪಾಯಿ, 200 ದಾಟಿದರೆ ಪೂರ್ತಿ ಬಿಲ್ಲು. ಈ ಯೋಜನೆಯನ್ನು ನಾನು ಸಮರ್ಥಿಸ್ತೇನೆ, ಕಾಕಾನ ಮನೆಯ ಅರಿಷಿಣ-ಉಪ್ಪಿನ ಖರ್ಚು ಅದರಲ್ಲಿ ಉಳಿದಿದೆ. ಆದರೆ ಆ ವರ್ಷ ಮನೆಯಲ್ಲಿ ಮೂರು ಬಲ್ಬು ಒಂದು ಟಿವಿ ಇತ್ತು ಅಂದ್ರೆ ಮುಂದೆಯೂ ಅಷ್ಟೇ ಇರಲಿ ಅನ್ನೋ ಲೆಕ್ಕ ಇದು. ಕಂಪ್ಯೂಟರ್ ಬಂದ ಮನೆಗೆ ಮಿತಿ ಏರಿಸೋ ಅವಕಾಶ ಇರಬೇಕಿತ್ತು. ದಿನಕ್ಕೆ ನಾಲ್ಕು ಗಂಟೆ ಓಡಿದರೆ ಮೊದಲ ಪಟ್ಟಿಯ ಪಿಸಿ ತಿಂಗಳಿಗೆ 33 ಯೂನಿಟ್‌ನಷ್ಟು ತಿಂತಿತ್ತು, ಇದು 20ರ ಆಸುಪಾಸು.

ಜುಗ್ಗತನ ಮಾಡದ ಒಂದೇ ವಸ್ತು ಪವರ್ ಸಪ್ಲೈ. ಬೆಳೆಗೆ ತ್ರೀಫೇಸ್ ಬಿಟ್ಟಾಗ ಒಮ್ಮೆಲೇ ಪಂಪ್‌ಸೆಟ್ಟುಗಳು ಎದ್ದು ವೋಲ್ಟೇಜ್ ಕುಸಿಯೋದು ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಗೊತ್ತು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋ ಎಸ್‌ಎಂಪಿಎಸ್ ಆ ಕುಸಿತಕ್ಕೆ ಪಿಸಿಯನ್ನೇ ಬೀಳಿಸುತ್ತೆ. 100ರಿಂದ 240 ವೋಲ್ಟ್‌ವರೆಗೆ ತಡೆಯೋ, ಆ್ಯಕ್ಟಿವ್ ಪಿಎಫ್‌ಸಿ ಇರೋದನ್ನೇ ಹಾಕಿದೆವು, ಜೊತೆಗೊಂದು ಯುಪಿಎಸ್. ಹಳೇ ಮನೆಗಳಲ್ಲಿ ಅರ್ಥಿಂಗ್ ಇರಲ್ಲ, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ರಾಡ್ ಹೂಳಿಸಿದ ಮೇಲೇ ಸ್ವಿಚ್ ಒತ್ತಿದ್ದು. ಮುಂದೆ ಪೂರ್ತಿ ಗಾಜಿರೋ ಚಂದದ ಕ್ಯಾಬಿನೆಟ್ ಬೇಡ ಅಂದೆ, ಎರೆ ಮಣ್ಣಿನ ಧೂಳಿಗೆ ಜಾಳಿಗೆ ಬೇಕು.

ಸಾಮಾನು ತಲುಪಿದ್ದೂ ಒಂದು ಕಥೆ. ಹೆದ್ದಾರಿ ಮೇಲಿರೋ ಕಿತ್ತೂರಿಗೆ ಕೊರಿಯರ್ ಎರಡು ದಿನದಲ್ಲಿ ಬರುತ್ತೆ. ರಾಮದುರ್ಗದ ಪಿನ್‌ಕೋಡ್ ಹಾಕಿದರೆ ಒಂದು ಆನ್‌ಲೈನ್ ಅಂಗಡಿ 'ನಿಮ್ಮ ಸ್ಥಳಕ್ಕೆ ಸೇವೆ ಇಲ್ಲ' ಅಂತು. ಹಾಗಾಗಿ ಮದರ್‌ಬೋರ್ಡ್ ಕಿತ್ತೂರಿನ ಗೆಳೆಯನ ಮನೆಗೆ ಬಂತು, ಅಲ್ಲಿಂದ ಬಸ್ಸಿನಲ್ಲಿ ನನ್ನ ತೊಡೆ ಮೇಲೆ ಕೂತು ಬೈಲಹೊಂಗಲ, ಸವದತ್ತಿ ಮಾರ್ಗವಾಗಿ ರಾಮದುರ್ಗ ಸೇರಿತು. ಕಿತ್ತೂರು ಮೂಲಕ ಧಾರವಾಡ–ಬೆಳಗಾವಿ ನೇರ ರೈಲು ಘೋಷಣೆಯಾಗಿ ವರ್ಷಗಳಾದವು. ಅದರ ಹಳಿ ಬಿದ್ದ ಮೇಲೆ ರಾಮದುರ್ಗದ ಸರದಿ ಯಾವಾಗ ಅಂತ ಕೇಳಬೇಡಿ.

ಒಟ್ಟು ಖರ್ಚು 58 ಸಾವಿರ. ತಮ್ಮ ಬ್ಲೆಂಡರ್‌ನಲ್ಲಿ ಮೊದಲು ಮಾಡಿದ್ದು ಅವರದೇ ಹೊಲದ ಕಬ್ಬಿನ ಟ್ರ್ಯಾಕ್ಟರ್. ಹೊಸ ವರ್ಷದ ಮೊದಲ ಕರೆಂಟ್ ಬಿಲ್ ಬಂದಾಗ ಕಾಕಾ ನನಗೇ ಫೋನ್ ಮಾಡಿದರು. ಮಿತಿ 61 ಯೂನಿಟ್, ಬಳಕೆ 74. ಮೇಲಿನ 13 ಯೂನಿಟ್ಟಿನ ದುಡ್ಡನ್ನು ಮಗನ ಕೈಯಿಂದಲೇ ಕಟ್ಟಿಸಿದ್ದಾರಂತೆ.