ಚೀಟಿಯ ಅಂಕಿ ನಿಮ್ಮ ಕಣ್ಣಿಗೇ ಕಾಣಲಿ



ಸಂಘಕ್ಕೆ ಹಾಲು ಹಾಕಿದ ಮೇಲೆ ಕೈಗೆ ಬರುವ ಚೀಟಿಯನ್ನು ನಿಮ್ಮಲ್ಲಿ ಎಷ್ಟು ಜನ ಅಲ್ಲೇ ನಿಂತು ಓದುತ್ತೀರಿ? ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಂಘಗಳಿಗೆ ಬೆಳಿಗ್ಗೆ ಹೋದಾಗೆಲ್ಲ ನಾನು ಇದನ್ನು ಗಮನಿಸುತ್ತೇನೆ. ಚೀಟಿ ನೇರವಾಗಿ ಸೆರಗಿನ ಗಂಟಿಗೆ ಹೋಗುತ್ತದೆ. "ಫ್ಯಾಟ್ ಎಷ್ಟ್ ಬಂತವ್ವಾ?" ಎಂದು ಕೇಳಿದರೆ, "ಮನಿಗ್ ಹೋಗಿ ಮಗನ ಕಡಿಂದ ಓದಿಸ್ತೀನ್ರಿ ಸಾಹೇಬ್ರ" ಎಂಬ ಉತ್ತರ.

ಅಂಕಿ ಬರುವುದಿಲ್ಲ ಎಂದಲ್ಲ. ಫೋನಿನಲ್ಲಿ ಹತ್ತು ಅಂಕಿ ಒತ್ತಿ ತವರಿಗೆ ಮಾತಾಡುವವರು ನೀವು. ತೊಂದರೆ ಇರುವುದು ಕಣ್ಣಿನಲ್ಲಿ. ನಮ್ಮ ಜನ ಇದನ್ನು ಚಾಳೀಸು ಎಂದೇ ಕರೆಯುತ್ತಾರೆ, ಚಾಳೀಸ ಅಂದರೆ ನಲವತ್ತು. ಆ ವಯಸ್ಸು ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ ಸಣ್ಣಕ್ಷರ ಮಸುಕಾಗುತ್ತದೆ. ದೂರದ ಎಮ್ಮೆ ಯಾರದೆಂದು ಹೇಳುವವರಿಗೆ ಅಂಗೈಯಲ್ಲಿನ ಚೀಟಿಯ 3.1 ಯಾವುದು, 3.7 ಯಾವುದು ತಿಳಿಯುವುದಿಲ್ಲ. ಆ ಒಂದಂಕಿಯ ಮೇಲೆ ನಿಮ್ಮ ದುಡ್ಡು ನಿಂತಿದೆ.

ಇದಕ್ಕೆ ಒಂದು ಸಣ್ಣ ಉಪಾಯ ಹೇಳುತ್ತೇನೆ. ಪುಸ್ತಕದ ಹಾಳೆಯಷ್ಟು ದೊಡ್ಡದಾದ, ರಟ್ಟಿನಷ್ಟು ತೆಳುವಾದ ಪ್ಲಾಸ್ಟಿಕ್ ಭೂತಗನ್ನಡಿ ಸಿಗುತ್ತದೆ. ಮೇಲೆ ಉಗುರು ಎಳೆದರೆ ಒಂದು ಬದಿಯಲ್ಲಿ ಗೀರು ಗೀರಾಗಿ ಹತ್ತುತ್ತದೆ, ಒಂದರೊಳಗೊಂದು ಉಂಗುರಗಳು. ಚೀಟಿಯ ಮೇಲೆ ನಾಲ್ಕು ಬೆರಳೆತ್ತರ ಹಿಡಿದು ನಿಧಾನವಾಗಿ ಮೇಲೆತ್ತಿದರೆ ಅಂಕಿ ದಪ್ಪಗಾಗುತ್ತ ಬರುತ್ತದೆ.

ಇಷ್ಟು ತೆಳುವಾದ ಹಾಳೆ ದಪ್ಪ ಗಾಜಿನ ಕೆಲಸ ಹೇಗೆ ಮಾಡುತ್ತದೆ? ಬೆಳಕು ಬಾಗುವುದು ಗಾಜಿನ ಒಳಹೊಕ್ಕುವಾಗ ಮತ್ತು ಹೊರಬೀಳುವಾಗ, ಅಂದರೆ ಮೇಲ್ಮೈಯಲ್ಲಿ ಮಾತ್ರ. ನಡುವಿನ ಗಾಜು ಬರೀ ಭಾರ. ಆ ಉಬ್ಬನ್ನು ಒಂದು ಗುಡ್ಡ ಎಂದುಕೊಳ್ಳಿ. ಇಳಿಜಾರನ್ನು ಮಾತ್ರ ಉಂಗುರ ಉಂಗುರವಾಗಿ ಕತ್ತರಿಸಿ, ಒಳಗಿನ ಮಣ್ಣು ತೆಗೆದು, ಎಲ್ಲವನ್ನೂ ನೆಲಮಟ್ಟಕ್ಕೆ ಇಳಿಸಿ ಜೋಡಿಸಿದಂತೆ ಇದು. ಇದನ್ನು ಚೆನ್ನಾಗಿ ಮಾಡಿ ತೋರಿಸಿದವನು ಫ್ರಾನ್ಸಿನ ಅಗಸ್ಟೀನ್ ಫ್ರೆನೆಲ್, ರಸ್ತೆ ಕಟ್ಟಿಸುವ ಇಂಜಿನಿಯರ್. 1823ರಲ್ಲಿ ಆತನ ಮಸೂರ ಅಲ್ಲಿನ ಕಡಲ ದೀಪಸ್ತಂಭವೊಂದಕ್ಕೆ ಏರಿತು. ಎಣ್ಣೆದೀಪದ ಬೆಳಕನ್ನು ಚೆಲ್ಲಲು ಬಿಡದೆ ಕಟ್ಟಿ ದೂರದ ಹಡಗುಗಳತ್ತ ಕಳಿಸಿತು. ಉಡುಪಿ ಕಡೆ ಪ್ರವಾಸ ಹೋದವರು ಕಾಪುವಿನಲ್ಲಿ 1901ರ ದೀಪಸ್ತಂಭ ನೋಡಿರುತ್ತೀರಿ. ಅಂಥ ಎತ್ತರದ ದೀಪಗಳಿಗೆ ಹುಟ್ಟಿದ ಯುಕ್ತಿ ಈಗ ಪ್ಲಾಸ್ಟಿಕ್ ಹಾಳೆಯಾಗಿ ನೂರಿನ್ನೂರು ರೂಪಾಯಿಗೆ ಸಿಗುತ್ತಿದೆ.

ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದು ಹಾಲಿನ ಚೀಟಿಯಿಂದಲ್ಲ, ಒಂದು ಕರುವಿನಿಂದ. ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಅಕ್ಕ ಒಬ್ಬರಿಗೆ ಉಣ್ಣೆ ಹತ್ತಿದ ದನಕ್ಕೆಂದು ಔಷಧಿ ಕೊಟ್ಟಿದ್ದೆ. ಲೀಟರ್ ನೀರಿಗೆ ಎಷ್ಟು ಹಾಕಬೇಕೆಂದು ಕೇಳಿದಾಗ, ಗಡಿಬಿಡಿಯಲ್ಲಿ "ಬಾಟಲಿ ಮ್ಯಾಲೆ ಬರದದ, ನೋಡ್ರಿ" ಎಂದು ಗಾಡಿ ಹತ್ತಿದೆ. ಅವರಿಗೆ ಆ ಅಕ್ಷರ ಕಾಣಲಿಲ್ಲ, ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮುಚ್ಚಳದ ಅಳತೆಯಲ್ಲಿ ಹಾಕಿದರು. ಸಂಜೆ ಫೋನ್ ಬಂತು: ಕರು ಜೊಲ್ಲು ಸುರಿಸುತ್ತಿದೆ, ಕಾಲು ನಡುಗುತ್ತಿವೆ. ಮೈ ತೊಳೆಸಿ, ಔಷಧಿ ಕೊಟ್ಟು, ರಾತ್ರಿಯೆಲ್ಲ ಕಾದೆವು. ಉಳಿಯಿತು. ತಪ್ಪು ಆ ಅಕ್ಕನದಲ್ಲ, ನನ್ನದು. ಈಗ ಪ್ರಮಾಣವನ್ನು ದಪ್ಪ ಅಂಕಿಯಲ್ಲಿ ಬೇರೆ ಕಾಗದದ ಮೇಲೆ ಬರೆದುಕೊಡುತ್ತೇನೆ. ಬ್ಯಾಗಿನಲ್ಲಿ ಈ ಹಾಳೆಯೂ ಇರುತ್ತದೆ.

ಬಾಟಲಿಯ ಮೇಲಿನ ಇಂಗ್ಲಿಷನ್ನು ಯಾವ ಭೂತಗನ್ನಡಿಯೂ ಕನ್ನಡ ಮಾಡುವುದಿಲ್ಲ, ಅದು ನಿಜ. ಆದರೆ ಅಂಕಿಗಳಿಗೆ ಭಾಷೆ ಬೇಕಿಲ್ಲ. ಔಷಧಿಯ ಅವಧಿ ಮುಗಿಯುವ ತಿಂಗಳು, ಇಸವಿ. ಕೆಚ್ಚಲುಬಾವಿಗೆ ಮೊಲೆಯೊಳಗೆ ಏರಿಸುವ ಟ್ಯೂಬಿನ ಮೇಲೆ, ಎಷ್ಟು ದಿನದ ಹಾಲು ಸಂಘಕ್ಕೆ ಹಾಕಬಾರದು ಎಂಬ ಸಂಖ್ಯೆ. ಹಸುವಿನ ಕಿವಿಯ ಹಳದಿ ಓಲೆಯ 12 ಅಂಕಿ. ವಿಮೆಯ ಕಾಗದದಲ್ಲಿ ಈ ಹನ್ನೆರಡರಲ್ಲಿ ಒಂದು ತಪ್ಪಿದರೂ, ದನ ಸತ್ತ ದಿನ ನೀವು ಓಡಾಡಬೇಕಾಗುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು: ಪ್ರತಿ ಸಂಘದ ಮೇಜಿನ ಮೇಲೆ ಇಂಥದೊಂದು ಹಾಳೆ ದಾರ ಕಟ್ಟಿಕೊಂಡು ಇರಬೇಕು. ಮುಂದಿನ ಸಭೆಯಲ್ಲಿ ನೀವೇ ಕೇಳಿ. "ಚಷ್ಮಾ ಹಾಕಿಕೊಳ್ಳಲಿ" ಎನ್ನುವವರಿದ್ದಾರೆ. ಹಾಕಿಕೊಳ್ಳಲೇಬೇಕು, ಹಾಳೆಯಲ್ಲೂ ಮಂಜು ಮಂಜಾಗಿ ಕಂಡರೆ ಪೊರೆ ಬಂದಿರಬಹುದು, ಕಣ್ಣಿನ ವೈದ್ಯರಿಗೆ ತೋರಿಸಿ. ಆದರೆ ಚಷ್ಮಾ ಒಬ್ಬರದು ಇನ್ನೊಬ್ಬರಿಗೆ ಹೊಂದದು, ಮುಂಜಾನೆ ಕ್ಯಾನು ಹೊತ್ತು ಬರುವಾಗ ಮನೆಯ ಗೂಡಿನಲ್ಲೇ ಉಳಿಯುತ್ತದೆ. "ನಾನೇ ಓದಿ ಹೇಳ್ತೀನಲ್ಲ" ಎನ್ನುವ ಕಾರ್ಯದರ್ಶಿಗಳೂ ಇದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೂ ಬೇರೆಯವರು ಓದಿದ್ದಕ್ಕೆ ತಲೆಯಾಡಿಸುತ್ತೇವೆ, ನಾವೇ ಓದಿದಾಗ "ನಿನ್ನಿಗಿಂತ ಯಾಕ ಕಡಿಮಿ ಬಂತು?" ಎಂದು ಕೇಳುತ್ತೇವೆ. ಆ ಪ್ರಶ್ನೆಯಿಂದ ಮೇವಿನ ಮಾತು, ಹಿಂಡಿಯ ಮಾತು, ಕೆಚ್ಚಲಿನ ಮಾತು ಶುರುವಾಗುತ್ತದೆ. ಪಶುವೈದ್ಯನಾದ ನನಗೆ ಬೇಕಾದದ್ದೂ ಅದೇ.

ಒಂದು ಎಚ್ಚರಿಕೆಯನ್ನು ಮಾತ್ರ ಮನಸ್ಸಿಟ್ಟು ಓದಿ. ಅಕ್ಷರ ದೊಡ್ಡದು ಮಾಡುವ ಹಾಳೆಯೇ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಆ ಚುಕ್ಕೆ ಒಣ ಕಣಿಕಿಯ ಮೇಲೆ ನಿಂತರೆ ಮೊದಲು ಹೊಗೆ, ಆಮೇಲೆ ಬೆಂಕಿ, ವರ್ಷದ ಮೇವಿನ ಬಣವಿ ಹೋಯಿತು. ಅಂಗಳದಲ್ಲಿ, ಕಿಟಕಿಯಲ್ಲಿ, ಗಾಡಿಯ ಸೀಟಿನ ಮೇಲೆ ಬಿಡಬೇಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಅದರ ಮೂಲಕ ಸೂರ್ಯನನ್ನು ನೋಡಲೇಬಾರದು, ಕಣ್ಣೇ ಸುಡುತ್ತದೆ. ನೆರಳಿನಲ್ಲಿ, ರಟ್ಟಿನ ಹೊದಿಕೆಯೊಳಗೆ ಇಡಿ. ಗೀರುಗಳಲ್ಲಿ ಹಾಲಿನ ಜಿಡ್ಡು, ಧೂಳು ಕೂತು ಮಸುಕಾಗುತ್ತದೆ. ಬೂದಿ ಹಾಕಿ ತಿಕ್ಕಿದರೆ ಹಾಳೆ ಹಾಳಾಗುತ್ತದೆ. ಸೋಪಿನ ನೀರಿನಲ್ಲಿ ಅದ್ದಿ, ಹಳೆಯ ಹತ್ತಿ ಸೀರೆಯ ತುಂಡಿನಿಂದ ಮೆಲ್ಲಗೆ ಒರೆಸಿದರೆ ಸಾಕು.