ಸ್ಪಿಂಡಲ್ ಪಂಪ್‌ಸೆಟ್ ಅಲ್ಲ

ಹವ್ಯಾಸಕ್ಕೆ ಸಿಎನ್‌ಸಿ ರೂಟರ್ ಕಟ್ಟುವವರು 2.2 ಕಿಲೋವ್ಯಾಟ್ ಸ್ಪಿಂಡಲನ್ನೇ (ಬಿಟ್ ತಿರುಗಿಸುವ ಮೋಟಾರು) ಕೊಳ್ಳಬೇಕು, ತೋಟದಲ್ಲಿ ಮೂರು ಫೇಸ್ ಇದ್ದರೆ ಕರೆಂಟಿನ ಹರ್ಟ್ಜ್ ಬದಲಿಸುವ ವಿಎಫ್‌ಡಿಯೂ ಬೇಡ ಎಂಬ ಲೇಖನ ಓದಿದೆ. ಮೊದಲ ಸಲಹೆ ದುಂದು, ಎರಡನೆಯದು ಅಪಾಯ.

ಅಪಾಯದ ಮಾತು ಮೊದಲು. ಕಡೂರು, ತರೀಕೆರೆ, ಅಜ್ಜಂಪುರದ ತೆಂಗು-ಅಡಿಕೆ ತೋಟಗಳ ಪಂಪ್‌ಸೆಟ್ಟಿಗೆ ಬರುವುದು 415 ವೋಲ್ಟ್, 50 ಹರ್ಟ್ಜ್. ಪೇಟೆಯಲ್ಲಿ ಸಿಗುವ ಸಾಮಾನ್ಯ ಸ್ಪಿಂಡಲ್ 220 ವೋಲ್ಟ್, 400 ಹರ್ಟ್ಜಿನದು. ಆ 400ಕ್ಕೆ ನಿಮಿಷಕ್ಕೆ 24,000 ಸುತ್ತು. ಪಂಪಿನ ಲೈನಿಗೆ ನೇರ ಸಿಕ್ಕಿಸಿದರೆ 3,000 ಸುತ್ತು ದಾಟುವುದಿಲ್ಲ, ವೈಂಡಿಂಗ್ ಮಾತ್ರ ಸುಟ್ಟುಹೋಗುತ್ತದೆ. ಮನೆಯ ಸಿಂಗಲ್ ಫೇಸ್ ತೆಗೆದುಕೊಂಡು ಬೇಕಾದ ಹರ್ಟ್ಜಿನ ಮೂರು ಫೇಸ್ ಕೊಡುವುದೇ ವಿಎಫ್‌ಡಿಯ ಕೆಲಸ. ನೀರಾವರಿಗೆಂದು ಕೊಟ್ಟ ಕರೆಂಟಿನಲ್ಲಿ ಮರ ಕೆತ್ತಿ ಎಂದು ಅಚ್ಚು ಹಾಕಿಸಿದ ಧೈರ್ಯವನ್ನಂತೂ ಮೆಚ್ಚಬೇಕು.

ಇನ್ನು ಗಾತ್ರ. ಎರಡು ಅಲಗಿನ 6 ಮಿ.ಮೀ. ಬಿಟ್ 18,000 ಸುತ್ತಿನಲ್ಲಿ ಅಲಗಿಗೆ 0.1 ಮಿ.ಮೀ. ಹೆರೆಯಬೇಕಾದರೆ ಯಂತ್ರ ನಿಮಿಷಕ್ಕೆ 3,600 ಮಿ.ಮೀ. ಓಡಬೇಕು. ಹಗುರ ಚೌಕಟ್ಟು 1,500ಕ್ಕೇ ನಡುಗಿದರೆ ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ತೇಗ ಕಪ್ಪಾಗುತ್ತದೆ. ಅಂಥದ್ದರ ಮೇಲೆ ಭಾರದ ಸ್ಪಿಂಡಲ್ ಹೇರಿದರೆ ನಡುಕ ಇನ್ನೂ ಹೆಚ್ಚು. ನೀರಿನಿಂದ ತಂಪಾಗುವ ಸ್ಪಿಂಡಲ್ ಕಡಿಮೆ ಸದ್ದು ಮಾಡುತ್ತದೆ, ಅದು ನಿಜ. ಆದರೂ ಇಂಥ ಯಂತ್ರಕ್ಕೆ 800 ವ್ಯಾಟ್ ಸಾಕು. ಉಳಿದ ಹಣ ಬಿಟ್ ಹಿಡಿಯುವ ಒಳ್ಳೆಯ ಕೊಲೆಟ್‌ಗೆ, ಅರ್ಥಿಂಗ್‌ಗೆ ಹೋಗಲಿ.

ಸ್ಪಿಂಡಲ್ ಮೇಲೆ ಬರೆದ ವೋಲ್ಟ್, ಹರ್ಟ್ಜ್ ಓದಿ, ಅದನ್ನೇ ವಿಎಫ್‌ಡಿಯಲ್ಲಿ ತುಂಬುವವರೆಗೆ ಸ್ವಿಚ್ ಒತ್ತಬೇಡಿ.