ಜಿಂಕೆಗೆ ಗೊತ್ತಾಗದ ವ್ಯತ್ಯಾಸ

ಅಮೆರಿಕದ ಬಂದೂಕು ಅಂಗಡಿಗಳಿಗೆ ಬೇಟೆ ರೈಫಲ್ಲಿನ ಹೊಸ ತೋಟಾಗಳು ಬರುತ್ತಲೇ ಇರುತ್ತವೆ. ಹಿಂದಿನದಕ್ಕಿಂತ ವೇಗ, ಹಿಂದಿನದಕ್ಕಿಂತ ನಿಖರ ಎಂಬ ಮಾತು ಪ್ರತಿ ಸಲವೂ ಇದ್ದದ್ದೇ. ಜಿಂಕೆಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗುವುದು ಅನುಮಾನ.

2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್ ಭಾರೀ ಜನಪ್ರಿಯವಾಯಿತು. ಸುಮಾರು 9 ಗ್ರಾಂ ಗುಂಡನ್ನು ಅದು ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗದಲ್ಲಿ ಹಾರಿಸುತ್ತದೆ. 1890ರ ದಶಕದಲ್ಲಿ ಸ್ವೀಡನ್, ನಾರ್ವೆ ಸೈನ್ಯಗಳಿಗಾಗಿ ಹುಟ್ಟಿದ 6.5×55 ತೋಟಾ ಹಾರಿಸುವುದೂ ಅದೇ ವ್ಯಾಸದ ಗುಂಡನ್ನು. ಇಂದಿನ ರೈಫಲ್ಲಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಕುದುರೆಗಿಂತ ಎತ್ತರದ ಮೂಸ್‌ಗಳನ್ನು ಸ್ವೀಡನ್ನಿನವರು ಅದರಿಂದಲೇ ಹೊಡೆಯುತ್ತ ಬಂದಿದ್ದಾರೆ. ಉದ್ದ ಗುಂಡಿಗೆ ಬೇಕಾದ ನಳಿಗೆಯ ಬಿಗಿ ತಿರುಪು ಹೊಸ ಶೋಧವೆಂಬಂತೆ ಮಾರಾಟವಾಗುತ್ತದಲ್ಲ, ಅದೂ ಆ ಹಳೆ ಕೋವಿಯಲ್ಲಿತ್ತು.

ಹೊಸದರಲ್ಲಿ ಏನೂ ಇಲ್ಲವೆಂದಲ್ಲ. ಕ್ರೀಡ್‌ಮೂರ್‌ನ ಹಿತ್ತಾಳೆ ಕೋಶ ಗಿಡ್ಡ. ಗಾಳಿಯನ್ನು ಚೆನ್ನಾಗಿ ಸೀಳುವ ಉದ್ದ ಗುಂಡನ್ನು ಕೂರಿಸಿದರೂ ತೋಟಾ ಚಿಕ್ಕ ಮ್ಯಾಗಜಿನ್‌ನಲ್ಲಿ ಹಿಡಿಯುತ್ತದೆ. ಅದು ಹುಟ್ಟಿದ್ದೇ ಗುರಿಸ್ಪರ್ಧೆಗೆ. 500 ಮೀಟರ್ ದೂರದ ಉಕ್ಕಿನ ಹಲಗೆಗೆ ಹೊಡೆಯುವಾಗ ಈ ಗುಣ ಲೆಕ್ಕಕ್ಕೆ ಬರುತ್ತದೆ. ಆದರೆ ಅಷ್ಟು ದೂರ ತಲುಪಲು ಗುಂಡಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಹಲಗೆ ಕದಲುವುದಿಲ್ಲ. ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ.

ಬೇಟೆಯಲ್ಲಿ ನಿಜವಾದ ಸುಧಾರಣೆ ಆದದ್ದು ಗುಂಡಿನಲ್ಲಿ. 1946ರಲ್ಲಿ ಜಾನ್ ನಾಸ್ಲರ್ ಹೊಡೆದ ಗುಂಡುಗಳು ಮೂಸ್ ಒಂದರ ಮೈಯಲ್ಲಿ ಆಳಕ್ಕೆ ಇಳಿಯಲಿಲ್ಲ. ಆಮೇಲೆ ಆತ ರೂಪಿಸಿದ ಪಾರ್ಟಿಶನ್ ಗುಂಡಿನ ನಡುವೆ ಒಂದು ಅಡ್ಡಗೋಡೆ. ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಒಳನುಗ್ಗುತ್ತದೆ. ಅಂಥ ಗುಂಡನ್ನು 1906ರ .30-06 ತೋಟಾಕ್ಕೂ ಹಾಕಬಹುದು. ವರ್ಷಕ್ಕೆ ಹತ್ತಿಪ್ಪತ್ತು ಈಡು ಹಾರಿಸುವ ರೈಫಲ್ ಮೂರು ತಲೆಮಾರು ಬಾಳುತ್ತದೆ. ಕಂಪನಿಗಳ ಕಷ್ಟವೂ ಅದೇ: ಹೊಸ ತೋಟಾ ಬಂದರೆ ತಾನೇ ಅಜ್ಜನ ರೈಫಲ್ ಹಳತಾಗುವುದು!

ದೂರದ ಗುರಿಯ ಆಸೆ ಹುಟ್ಟಿಸುವ ಈ ಜಾಹೀರಾತುಗಳಲ್ಲಿ, ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ಸುದ್ದಿಯೇ ಇರುವುದಿಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತದ ನರಭಕ್ಷಕಿಯನ್ನು ಕೊಂದರು. ಅದಕ್ಕೆ ಸಿಕ್ಕ ಬಹುಮಾನ .275 ರಿಗ್ಬಿ ರೈಫಲ್; ಅದರ ತೋಟಾವೂ 1890ರ ದಶಕದ್ದೇ, 7×57 ಮೌಸರ್. ಆ ಹೆಣ್ಣುಹುಲಿಯ ಬಲಗಡೆಯ ಎರಡು ಕೋರೆಹಲ್ಲು ಮುರಿದಿದ್ದವು. ಯಾರೋ ಹಿಂದೆ ಹಾರಿಸಿದ ಗುಂಡಿನೇಟು ಅದು. ಸಹಜವಾಗಿ ಬೇಟೆಯಾಡಲಾಗದೆ ಅದು ಮನುಷ್ಯರತ್ತ ತಿರುಗಿತು ಎಂದು ಕಾರ್ಬೆಟ್ ಬರೆದಿದ್ದಾರೆ. ಅವರು ಕೊಡುವ ಲೆಕ್ಕದಂತೆ ಸತ್ತವರು 436 ಮಂದಿ.